ಸವತಿಗೆ ಕಾವಲು

ಮೊನ್ನೆ ಲಾಟೀನಿನ ಚಿಮಣಿ ಒರೆಸಲು ಮೆತ್ತಗಿನ ಬಟ್ಟೆ ಹುಡುಕುತ್ತಿದ್ದೆ. ಹಳೆಯ ಸೀರೆಗಳ ಅಡಿಯಲ್ಲಿ ಹಳದಿ ಫ್ಲಾನೆಲ್ಲಿನ ಒಂದು ತುಂಡು ಸಿಕ್ಕಿತು. ಅಂಚು ಮಡಚಿ ಹೊಲಿದದ್ದು, ಒಂದು ಮೂಲೆಯಲ್ಲಿ ಕಪ್ಪು ಎಣ್ಣೆಯ ಕಲೆ. ಕಂಡದ್ದೇ ತಡ, ಹೊಟ್ಟೆಯೊಳಗೆ ಚುರ್ರೆಂದಿತು. ಇಷ್ಟು ವರ್ಷಗಳ ಮೇಲೂ! ಈ ಬಟ್ಟೆ ನಮ್ಮ ಮನೆಗೆ ಬಂದದ್ದು ಯುದ್ಧ ಮುಗಿದ ಹೊಸತರಲ್ಲಿ. ಆಗ ಮೈಮೇಲೆ ಹಾಕುವ ಬಟ್ಟೆಗೇ ತತ್ವಾರ. ನಾನು ರವಕೆಯ ಕಂಕುಳಿಗೆ ತೇಪೆ ಹಾಕಿ ತೋಳು ಎತ್ತದೆ ಓಡಾಡುತ್ತಿದ್ದೆ. ಅಂಥ ಕಾಲದಲ್ಲಿ ನಮ್ಮವರು ಮಂಗಳೂರಿನಿಂದ ಒಂದು ಗಜ ಫ್ಲಾನೆಲ್ ತಂದರು. ನನಗೇ ಎಂದು ಹಿಗ್ಗಿ ಕೈಚಾಚಿದೆ.

"ಮುಟ್ಟಬೇಡ, ಕೈಯಲ್ಲಿ ಒಗ್ಗರಣೆಯ ಎಣ್ಣೆ ಉಂಟು. ಅದು ಕಾರು ಒರೆಸ್ಲಿಕ್ಕೆ," ಎಂದರು.

ಮೊನ್ನೆ ಅದರಲ್ಲೇ ಲಾಟೀನು ಒರೆಸಿದೆ. ಮಸಿ ಚೆನ್ನಾಗಿ ಹೋಗುತ್ತದೆ.

ನಾನು ಹೊಟ್ಟೆಕಿಚ್ಚಿನವಳು. ಮುಚ್ಚುಮರೆ ಯಾಕೆ? ಕೆಲವರಿಗೆ ಹುಟ್ಟುವಾಗಲೇ ಕೆನ್ನೆಯಲ್ಲಿ ಗುಳಿ ಇರುತ್ತದೆ, ಕೆಲವರಿಗೆ ಕಂಠ ಇರುತ್ತದೆ, ನನಗೆ ಇದು. ದೊಡ್ಡ ದೊಡ್ಡ ವಿಷಯಕ್ಕೆಲ್ಲ ನನಗೆ ಹೊಟ್ಟೆ ಉರಿಯುವುದಿಲ್ಲ. ಪಕ್ಕದ ಮನೆಯವಳು ಕಂಠೀಸರ ಮಾಡಿಸಿಕೊಂಡರೆ "ಚಂದ ಉಂಟು ಮಾರಾಯ್ತಿ" ಎಂದು ಮುಟ್ಟಿ ನೋಡಿ ಬರುತ್ತೇನೆ. ಆದರೆ ನನಗೆ ಸಲ್ಲಬೇಕಾದ ಒಂದು ಒಳ್ಳೆಯ ಮಾತು ಇನ್ನೊಬ್ಬರಿಗೆ ಹೋಯಿತೆನ್ನಿ, ಮತ್ತೆ ನನ್ನ ಸಾರಿಗೆ ಉಪ್ಪು ಹೆಚ್ಚಾಗುತ್ತದೆ.

ಮೊದಲ ಹೊಟ್ಟೆಕಿಚ್ಚು ಒಂದು ಎತ್ತಿನ ಮೇಲೆ. ನನ್ನ ತವರು ಮುಳ್ಳೇರಿಯದ ಕಡೆ. ಅಪ್ಪನ ಗಾಡಿಗೆ ಎರಡು ಎತ್ತು, ಅದರಲ್ಲಿ ಬಿಳಿಯದರ ಹೆಸರು ಬೊಳ್ಳ. ಆ ಬೊಳ್ಳನಿಗೆ ಶನಿವಾರ ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ. ಅವನದು ಮುಗಿದು ಹಂಡೆಯಲ್ಲಿ ಉಳಿದರೆ ನಮಗೆ. ಅವನಿಗೆ ಹಾಕುವ ಎಳ್ಳಿಂಡಿಯಲ್ಲಿ ಅಂಥದ್ದೇನಿದೆ ಎಂದು ನಾನೂ ಒಂದು ಹಿಡಿ ತಿಂದು ನೋಡಿದ್ದೇನೆ. ಆಮೇಲೆ ಪಟ್ಟ ಪಾಡನ್ನು ಬರೆಯುವುದು ಬೇಡ. ಅಪ್ಪ ನನ್ನ ತಲೆ ಸವರಿದ್ದು ನೆನಪಿಲ್ಲ, ಬೊಳ್ಳನ ಕುತ್ತಿಗೆಯಡಿಯ ಗಂಗೆದೊಗಲನ್ನು ಸವರಿದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಅಷ್ಟು ಪ್ರೀತಿಯ ಎತ್ತನ್ನು ಅಪ್ಪ ಯಾರ ಕೈಗೆ ಬೇಕಾದರೂ ಕೊಡುತ್ತಿದ್ದರು, ಅದೇ ವಿಚಿತ್ರ. ಪೇಟೆಯಲ್ಲಿ ಗಾಡಿ ನಿಲ್ಲಿಸಿ, ದಾರಿಯಲ್ಲಿ ಹೋಗುವವನನ್ನು ಕರೆದು, "ಇಕೊ, ಒಂಚೂರು ಹಿಡ್ಕೊ ಮಾರಾಯ, ಈಗ ಬಂದೆ," ಎಂದು ಹಗ್ಗ ಕೊಟ್ಟು ಅಂಗಡಿಗೆ ಹೋಗುವುದು. ಒಮ್ಮೆ ಹಾಗೆ ಕೊಟ್ಟು ಹೋದವರಿಗೆ ಅಂಗಡಿಯಲ್ಲಿ ಯಾರೋ ನೆಂಟರು ಸಿಕ್ಕಿದರು. ಮಾತಾಡುತ್ತ ಮಾತಾಡುತ್ತ ಒಳದಾರಿ ಹಿಡಿದು ನಡೆದೇ ಮನೆಗೆ ಬಂದುಬಿಟ್ಟರು. ಕೈಕಾಲು ತೊಳೆದು, ಚಾ ಕುಡಿದು, ಎಲೆಗೆ ಸುಣ್ಣ ಹಚ್ಚುವಾಗ ಅಂಗಳದಲ್ಲಿ ಗಗ್ಗರದ ಸದ್ದು. ಎತ್ತುಗಳು ತಮ್ಮಷ್ಟಕ್ಕೆ ಮನೆಯ ದಾರಿ ಹಿಡಿದಿವೆ, ಅವುಗಳ ಪಕ್ಕದಲ್ಲಿ ಹಗ್ಗ ಹಿಡಿದುಕೊಂಡು ಗುರುತಿಲ್ಲದ ಒಬ್ಬ ಮನುಷ್ಯ, ಬೆವರಿ ನೀರಾಗಿದ್ದಾನೆ. ಅಪ್ಪನನ್ನು ಕಂಡವನೇ, "ಇನ್ನು ಬಿಡಬಹುದಾ ಧನಿ?" ಎಂದು ಕೇಳಿದ. ಪಾಪ, ಯಾವುದೋ ಮದುವೆಯ ಊಟಕ್ಕೆ ಹೊರಟಿದ್ದನಂತೆ. ಅಮ್ಮ ಅವನಿಗೆ ಎಲೆ ಹಾಕಿ ಬಡಿಸುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಗಾಡಿಯನ್ನು ನಿಮ್ಮ ಕೈಗೆ ಕೊಟ್ಟದ್ದು ಒಳ್ಳೆಯದೇ ಆಯ್ತು. ಇವರನ್ನು ಯಾರ ಕೈಗೆ ಕೊಡುವುದು ಹೇಳಿ?"

ಹೀಗೆ ಬೆಳೆದ ನನ್ನನ್ನು ಕೊಟ್ಟದ್ದು ಕುಂಬಳೆಯ ಡಾಕ್ಟರಿಗೆ. ಹಗ್ಗ ಬಿಡಿ, ತನ್ನ ಕೊಡೆಯನ್ನೂ ಇನ್ನೊಬ್ಬರ ಕೈಗೆ ಕೊಡದ ಮನುಷ್ಯ. ಒಳ್ಳೆಯವರು, ಸಿಡುಕಿಲ್ಲ, ಕುಡಿತವಿಲ್ಲ. ಮದುವೆಯಾದ ಮೊದಮೊದಲು ಸಂಜೆ ಮದ್ದಿನ ಚೀಟಿಯಲ್ಲಿ ಬರೆದ ಹಾಗೆ ತಪ್ಪದೆ ಒಂದು ಚೆಂಡು ಮಲ್ಲಿಗೆಯೂ ಬರುತ್ತಿತ್ತು. ಮತ್ತೆ ಕಾರು ಬಂತು.

ತೋಟ ಬಿಟ್ಟು ಸ್ವದೇಶಕ್ಕೆ ಹೊರಟ ದೊರೆಯೊಬ್ಬರಿಂದ ಕೊಂಡ ಕಡು ಹಸಿರು ಬಣ್ಣದ ಕಾರು. ಅಂದರೆ ಅದಕ್ಕೆ ಇದು ಎರಡನೆಯ ಸಂಬಂಧ. ಅಂಗಳಕ್ಕೆ ಬಂದಾಗ ಅತ್ತೆ ಅರಸಿನ ಸುಣ್ಣ ಕಲಸಿ ಕೆಂಪು ಕುರ್ದಿನೀರು ಮಾಡಿ ಆರತಿ ಎತ್ತಿದರು. ನನ್ನನ್ನು ಮನೆ ತುಂಬಿಸಿಕೊಂಡದ್ದೂ ಅದೇ ಹರಿವಾಣದಲ್ಲಿ. ಕಾರಿಗೆ ಒಂದು ಸುತ್ತು ಹೆಚ್ಚೇ ತಿರುಗಿಸಿದರು, ನಾನು ಕಣ್ಣಾರೆ ನೋಡಿದ್ದೇನೆ. "ಮನೆಗೆ ಇನ್ನೊಬ್ಬಳು ಸೊಸೆ ಬಂದ ಹಾಗಾಯ್ತು," ಎಂದರು ಅತ್ತೆ, ಖುಷಿಯಲ್ಲಿ. ನಾನು ಆ ಮಾತನ್ನು ಮನಸ್ಸಿನಲ್ಲೇ ತಿದ್ದಿದೆ. ಸೊಸೆಯಲ್ಲ, ಸವತಿ.

ಸವತಿಯ ಸೇವೆ ನೋಡಬೇಕಿತ್ತು ನೀವು. ಬೆಳಗ್ಗೆ ಎದ್ದವರೇ ಅಂಗಳಕ್ಕೆ. ಮಂಜು ಬಿದ್ದಿದೆಯಾ, ಕಾಗೆ ಹೇತಿದೆಯಾ, ಬೆಕ್ಕು ಮಲಗಿದೆಯಾ. ನನಗೆ ಜ್ವರ ಬಂದರೆ "ಒಂದು ಕಷಾಯ ಕುಡಿದು ಮಲಗು, ಹೋಗ್ತದೆ." ಅದಕ್ಕೆ ಕೆಮ್ಮು ಬಂದರೆ ಬಾನೆಟ್ಟು ಎತ್ತಿ, ಕುತ್ತಿಗೆಯಲ್ಲಿದ್ದ ಸ್ಟೆತೊಸ್ಕೋಪನ್ನು ಎಂಜಿನಿಗೆ ಇಟ್ಟು ಕಣ್ಣು ಮುಚ್ಚಿ ಕೇಳುವುದು! ಜಗಲಿಯಲ್ಲಿ ಕುಳಿತ ರೋಗಿಗಳೂ ಉಸಿರು ಬಿಗಿಹಿಡಿಯುತ್ತಿದ್ದರು. ನಾನು ಹತ್ತುವಾಗ ಒಂದೇ ಮಂತ್ರ: "ಬಾಗಿಲು ಮೆಲ್ಲ!" ಇಳಿಯುವಾಗಲೂ ಅದೇ. ಕೀಲಿಕೈಯನ್ನು ಗೋಡೆಯ ಮೊಳೆಯಿಂದ ತೆಗೆದುಕೊಡಲು ಹೋದರೂ, "ಬೇಡ ಬೇಡ, ನಾನೇ ತೆಗೀತೇನೆ." ನಾನೇನು ಅದನ್ನು ಸಾಂಬಾರಿಗೆ ಹಾಕುತ್ತೇನೆಯೇ?

ಇವರು ಯಾರನ್ನೂ ನಂಬುವ ಜಾತಿಯಲ್ಲ, ಆಯಿತು, ಅವರ ಸ್ವಭಾವ ಎಂದು ನಾನು ಸುಮ್ಮನಿರುತ್ತಿದ್ದೆ. ಹೊಳೆಯ ಬದಿಗೆ ಹೋಗುವವರೆಗೆ.

ಆ ಕಾಲದಲ್ಲಿ ಮೊಗ್ರಾಲಿನ ಹೊಳೆಗೆ ರೈಲಿಗೆ ಸೇತುವೆ ಇತ್ತು, ನಮಗೆ ಇರಲಿಲ್ಲ. ರೈಲು ಗಡಗಡ ಎಂದು ದಾಟಿಹೋಗುವುದನ್ನು ಕೆಳಗೆ ದೋಣಿ ದಾಟಿಸುವ ಕಡವಿನಲ್ಲಿ ನಿಂತು ನೋಡಬೇಕು. ರೈಲಿನ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು, ಅದು ಬೇರೆ. ಕಾರು, ಬಸ್ಸುಗಳಿಗೆ ಜಂಗಾರು. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿದ್ದು. ದಡದಿಂದ ಅದಕ್ಕೆ ಎರಡು ಉದ್ದದ ಹಲಗೆ, ಚಕ್ರ ಕೂರುವಷ್ಟೇ ಅಗಲ. ಸ್ವಲ್ಪ ಆಚೀಚೆಯಾದರೆ ಕಾರು ಹೊಳೆಗೆ. ಮೊದಲ ಸಲ ನಮ್ಮವರು ಹಲಗೆಯ ಬುಡದವರೆಗೆ ತಂದು ನಿಲ್ಲಿಸಿದರು. ಮುಂದೆ ಹೋಗಲೂ ಇಲ್ಲ, ಹಿಂದೆ ಬರಲೂ ಇಲ್ಲ.

ಆಗ ಬಂದರು ಇದಿನಬ್ಬ ಬ್ಯಾರಿ. ಕಡವಿನ ಯಜಮಾನ. ಬಿಳಿ ಗಡ್ಡ, ಸೊಂಟಕ್ಕೆ ಅಗಲದ ಹಸಿರು ಪಟ್ಟಿ, ಬಾಯಿ ತುಂಬ ಎಲೆಯಡಿಕೆ ಮತ್ತು ಬಡಾಯಿ. ಯುದ್ಧದ ಕಾಲದಲ್ಲಿ ಇದ್ದಲಿನ ಬಸ್ಸು ಓಡಿಸಿದವರಂತೆ. ಅವರ ಬಾಯಲ್ಲೇ ಕೇಳಿದರೆ, ಮದ್ರಾಸಿನ ಗವರ್ನರು ಕೂಡ ಅವರನ್ನು ಕೇಳಿಯೇ ಗೇರು ಬದಲಾಯಿಸುತ್ತಿದ್ದದ್ದು.

"ಡಾಕ್ಟ್ರೇ, ಇಳೀರಿ," ಎಂದರು.

ಇವರು ಇಳಿದರು! ಕೀಲಿಕೈ ಅಲ್ಲೇ ಬಿಟ್ಟು, ಶಾಲೆಯ ಹುಡುಗನ ಹಾಗೆ ಇಳಿದು ಬದಿಗೆ ನಿಂತರು. ಹೆಸರು ಕೇಳಲಿಲ್ಲ, ಕೈ ತೊಳೆದಿದ್ದೀರಾ ಎಂದು ಕೇಳಲಿಲ್ಲ. ಬ್ಯಾರಿಗಳು ಕುಳಿತು ಬಾಗಿಲನ್ನು ಧಡಾರನೆ ಹಾಕಿದರು. ನಾನು ಇವರ ಮುಖ ನೋಡಿದೆ, ಹುಬ್ಬು ಕೂಡ ಅಲುಗಲಿಲ್ಲ. "ಬಾ ಮೋಳೇ, ಬಾ ಬಾ," ಎನ್ನುತ್ತ ಬ್ಯಾರಿಗಳು ಅದನ್ನು ಹಲಗೆ ಹತ್ತಿಸಿದರು. ಮೋಳೇ ಎಂದರೆ ಮಗಳೇ. ನೋಡಿ, ಸವತಿಗೆ ಅಪ್ಪನೂ ಸಿಕ್ಕಿದ ಹಾಗಾಯಿತು.

"ಗುರುತಿಲ್ಲದವರಿಗೆ ಕೊಟ್ಟಿರಲ್ಲ?" ಎಂದು ಚಿಕ್ಕ ದೋಣಿಯಲ್ಲಿ ದಾಟುವಾಗ ಕೇಳಿದೆ.

"ಎಂತ ಕೈ ಮಾರಾಯ್ತಿ ಅವರದು, ಹೂವು ಎತ್ತಿದ ಹಾಗೆ ಎತ್ತಿದರು ನೋಡಿದೆಯಾ?" ಎಂದರು ಇವರು.

ನನ್ನ ಮನೆಯಲ್ಲಿ ನನಗಿಲ್ಲದ ನಂಬಿಕೆ ಹೊಳೆಬದಿಯಲ್ಲಿ ನಿಂತವನಿಗೆ ಪುಕ್ಕಟೆ ಸಿಕ್ಕಿತು. ಅದು ಬೆಳೆಯಿತು ಕೂಡ. ಗುರುವಾರಗಳಲ್ಲಿ ಇವರು ದಾರಿಯಿಲ್ಲದ ಊರುಗಳ ರೋಗಿಗಳನ್ನು ನೋಡಲು ಚಿಕ್ಕ ದೋಣಿಯಲ್ಲಿ ಹೊಳೆಯ ಮೇಲ್ಗಡೆಗೆ ಹೋಗುತ್ತಿದ್ದರು. ಕಾರು ಸಂಜೆಯವರೆಗೆ ಕಡವಿನ ಹೊನ್ನೆ ಮರದಡಿ. ಬಿಸಿಲು ತಿರುಗಿದರೆ ನೆರಳಿಗೆ ಎಳೆದು ನಿಲ್ಲಿಸಲು ಕೀಲಿಕೈ ಬ್ಯಾರಿಗಳ ಹಸಿರು ಪಟ್ಟಿಯೊಳಗೆ. ನಾನು ಮನೆಯಲ್ಲಿ ಆ ಮೊಳೆಯನ್ನು ನೋಡಿ ನೋಡಿ ಹೊಟ್ಟೆ ಹೊಸೆದುಕೊಳ್ಳುತ್ತಿದ್ದೆ.

ಒಂದು ಗುರುವಾರ ಸಂಜೆ ಇವರು ಒಳಗೆ ಬಂದಾಗ ಎರಡು ಬೆರಳಿನ ನಡುವೆ ಒಂದು ತುಂಡು ಮಲ್ಲಿಗೆ. ನನ್ನ ಕೈ ತಾನಾಗಿ ತುರುಬಿಗೆ ಹೋಯಿತು ಕಾಣಿ. ಎಷ್ಟು ಕಾಲವಾಗಿತ್ತು!

"ಇದು ಯಾರದ್ದು?" ಎಂದರು.

"ನನಗೆ ತಂದದ್ದಲ್ವಾ?"

"ನಿನಗಾ? ಹಿಂದಿನ ಸೀಟಿನಲ್ಲಿತ್ತು. ಅಕ್ಕಿಕಾಳೂ ಉಂಟು. ಯಾರೋ ಕೂತಿದ್ದಾರೆ!"

ಅಂದು ಆ ಮನುಷ್ಯನ ಮುಖ ನೋಡಬೇಕಿತ್ತು. ಬಣ್ಣ ಇಳಿದಿತ್ತು, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕುಳಿತವರು ಅನ್ನ ಕಲಸಿ ಕಲಸಿ ಎದ್ದರು. ಅಂಗಳಕ್ಕೆ ಹೋಗುವುದು, ಸೀಟನ್ನು ಮೂಸುವುದು, ಒಳಗೆ ಬರುವುದು. "ನಾನು ಅತ್ತ ಹೋದದ್ದೇ ಹೀಗಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು. ಸಿಟ್ಟು ಬ್ಯಾರಿಗಳ ಮೇಲೋ ಕಾರಿನ ಮೇಲೋ ನನಗೆ ಗೊತ್ತಾಗಲಿಲ್ಲ.

ಮರುದಿನ ಕಡವಿಗೆ ಹೋದೆವು. ನಾನೂ ಹೋದೆ, ಬ್ಯಾರಿಗಳಿಗೆ ಬೈಗಳು ಸಿಗುವುದನ್ನು ನೋಡುವ ಆಸೆಯಿಂದ. ಬ್ಯಾರಿಗಳು ಏನನ್ನೂ ಅಡಗಿಸಲಿಲ್ಲ.

"ಮದುಮಗಳು ಡಾಕ್ಟ್ರೇ. ದಿಬ್ಬಣ ನಡೆದುಕೊಂಡು ಹೋಗ್ತಾ ಇತ್ತು. ಮದುಮಗಳ ಕಾಲಿಗೆ ಕೆಸರು ತಾಗಬಾರದು ಅಂತ ಈ ಕಡವಿನಲ್ಲಿ ಮೊದಲಿಂದ ಉಂಟು. ನನ್ನ ಅಪ್ಪ ಹೊತ್ತುಕೊಂಡು ದಾಟಿಸಿದವರು, ನಾನೂ ಕುರ್ಚಿಯಲ್ಲಿ ದಾಟಿಸಿದ್ದೇನೆ. ಈಗ ಕಾರು ಇಲ್ಲೇ ಉಂಟು, ಕೀಲಿಕೈ ನನ್ನ ಸೊಂಟದಲ್ಲಿ ಉಂಟು. ಗುಡ್ಡೆಯ ಆಚೆ ಬಿಟ್ಟು ಬಂದೆ. ನಿಮಗೆ ಪುಣ್ಯ ಬರ್ತದೆ."

"ನನ್ನ ಹತ್ತಿರ ಕೇಳ್ಬೇಡ್ವಾ?"

"ನೀವು ಹೊಳೆಯ ಮೇಲೆ. ಮುಹೂರ್ತ ನಿಲ್ತದಾ?"

ಉತ್ತರ ಸಿಗದಾಗ ನಮ್ಮ ಕಡೆ ದೊಡ್ಡ ಮಾತು ಒಂದುಂಟು, ಇವರು ಅದನ್ನು ತೆಗೆದರು. "ಇನ್ನು ನನ್ನ ಕಾರು ಮುಟ್ಟಿದರೆ ಕಾನತ್ತೂರಿಗೆ ಹೇಳ್ತೇನೆ, ಗೊತ್ತುಂಟಲ್ಲ!" ಕಾನತ್ತೂರಿನ ದೈವಗಳ ಹೆಸರೆತ್ತಿದರೆ ಹಿಂದುವಾಗಲಿ ಬ್ಯಾರಿಯಾಗಲಿ ಸುಳ್ಳು ಆಡುವವರಿಲ್ಲ, ಕೊಟ್ಟ ಮಾತು ಮುರಿಯುವವರಿಲ್ಲ. ಜಮೀನಿನ ತಂಟೆಗೆ ತೆಗೆಯುವ ಮಾತನ್ನು ಓದಿದ ಡಾಕ್ಟರು ಒಂದು ತುಂಡು ಮಲ್ಲಿಗೆಗಾಗಿ ತೆಗೆದರು. ಬ್ಯಾರಿಗಳ ಗಡ್ಡ ಅದುರಿತು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

"ಆಯ್ತು ಡಾಕ್ಟ್ರೇ. ಇನ್ನು ಈ ಕೈ ನಿಮ್ಮ ಕಾರಿಗೆ ತಾಗುವುದಿಲ್ಲ. ಮಾತು ಮಾತೇ."

ನಾನು ಖುಷಿಪಡಬೇಕಿತ್ತು. ಆದರೆ ಮನೆಗೆ ಬರುವ ದಾರಿಯಲ್ಲಿ ನನ್ನ ಹೊಟ್ಟೆಯಲ್ಲಿ ಹೊಸದೊಂದು ಬೆಂಕಿ ಎದ್ದಿತ್ತು. ಅದು ಬ್ಯಾರಿಗಳ ಮೇಲಲ್ಲ, ಕಾರಿನ ಮೇಲೂ ಅಲ್ಲ, ಇವರ ಆ ಮುಖದ ಮೇಲೆ. ಅಂಥ ಮುಖ ನನಗಾಗಿ ಇವರು ಯಾವಾಗ ಮಾಡಿದ್ದಾರೆ? ನನ್ನ ತಂಗಿಯ ಮದುವೆಯಲ್ಲಿ ಏನಾಯಿತು ಕೇಳಿ. ಮದ್ರಾಸಿನಿಂದ ನನ್ನ ಸೋದರಮಾವನ ಮಗ ಬಂದಿದ್ದ. ಕ್ರಾಪು ಬಿಟ್ಟವನು, ಚಂದದವನು, ಚಿಕ್ಕಂದಿನಲ್ಲಿ ನನ್ನನ್ನು ಅವನಿಗೇ ಕೊಡುವ ಮಾತಿತ್ತು. ಅವನ ಪಕ್ಕದಲ್ಲಿ ಕುಳಿತು ಹಳೆಯದನ್ನೆಲ್ಲ ತೆಗೆದು ಬೇಕೆಂದೇ ಗಟ್ಟಿಯಾಗಿ ನಕ್ಕೆ. ಚಪ್ಪರದ ಆಚೆಯಿಂದ ಇವರು ದಡಬಡ ಎದ್ದು ಬರುವುದು ಕಂಡಿತು. ಮುಖ ಕೆಂಪು, ಹೆಜ್ಜೆ ಬಿರುಸು. ಅಬ್ಬ, ಅಂತೂ ಬಂದರು ಎಂದುಕೊಂಡೆ. ಬಂದವರು ನಮ್ಮಿಬ್ಬರ ನಡುವೆಯೇ ದಾಟಿ ಹೊರಗೆ ಹೋದರು. ಮಕ್ಕಳು ಮಡ್‌ಗಾರ್ಡಿನ ಮೇಲೆ ಕುಳಿತಿದ್ದರಂತೆ. ಸೋದರಮಾವನ ಮಗ ಮದ್ರಾಸಿಗೆ ಹೋದ, ಇವರಿಗೆ ಇವತ್ತಿಗೂ ಅವನ ಹೆಸರು ಗೊತ್ತಿಲ್ಲ.

ಒಂದು ತುಂಡು ಮಲ್ಲಿಗೆಗೆ ಕಾನತ್ತೂರು, ನನಗೆ ತಿರುಗಿ ಒಂದು ನೋಟವೂ ಇಲ್ಲ. ಹೇಳಿ, ಯಾರಿಗೆ ಉರಿಯುವುದಿಲ್ಲ?

ಬ್ಯಾರಿಗಳ ಸಹವಾಸ ಬಿಟ್ಟ ಮೇಲೆ ಇವರು ಹೊಳೆಯಾಚೆಯ ಕಾಸರಗೋಡಿಗೆ ರೈಲಿನಲ್ಲಿ ಹೋಗತೊಡಗಿದರು. ಆದರೆ ಗುರುವಾರದ ರೋಗಿಗಳಿದ್ದರಲ್ಲ, ಕಾರನ್ನು ಕಡವಿನಲ್ಲಿ ಬಿಟ್ಟುಹೋಗಲೇಬೇಕು. ಯಾರಾದರೂ ನಂಬಿಗಸ್ತರು ಪಕ್ಕದಲ್ಲಿರಬೇಕು. ಇವರು ಬಹಳ ಯೋಚಿಸಿದರು. ಆಮೇಲೆ ನನ್ನನ್ನು ನೋಡಿದರು.

"ನಿನಗೆ ಗುರುವಾರ ಎಂತ ಕೆಲಸ ಉಂಟು?"

ಹೀಗೆ ನಾನು ಸವತಿಗೆ ಕಾವಲಾದೆ. ಕೀಲಿಕೈ ಹೊಳೆಗೆ ಬಿದ್ದರೆ ಎಂಬ ಭಯದಿಂದ ಅದನ್ನು ನನ್ನ ಸೆರಗಿಗೆ ಗಂಟು ಹಾಕಿಸಿದರು. "ಬಿಚ್ಚಬೇಡ," ಎಂದರು. ಅಂದರೆ ನಾನು ನಡೆದಾಡುವ ಮೊಳೆ. ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವುದು, ಕಾಗೆ ಓಡಿಸುವುದು, ಬಾಟ್ಲಿಯ ನೀರು ಕುಡಿಯುವುದು. ಮಧ್ಯಾಹ್ನದ ಹೊತ್ತಿಗೆ ಸೀಟಿನ ಚರ್ಮ ಕಾದು ಕಾವಲಿಯಾಗುತ್ತಿತ್ತು. ಹೊನ್ನೆ ಮರ "ಬ್ಯಾರಿಯ ಜಾಗ" ಎಂದು ಅದರಡಿ ನಿಲ್ಲಿಸುತ್ತಿರಲಿಲ್ಲವಲ್ಲ!

ಬ್ಯಾರಿಗಳು ಮೊದಲ ವಾರ ದೂರ ನಿಂತರು. ಎರಡನೆಯ ವಾರ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹತ್ತಿರ ಬಂದರು.

"ಡಾಕ್ಟ್ರಮ್ಮ, ನನ್ನ ಮೇಲೆ ನಂಬಿಕೆ ಇಲ್ಲ ಅಂತ ನಿಮ್ಮನ್ನು ಕೂರಿಸಿದ್ದು. ನಿಮ್ಮ ಮೇಲೆ ಉಂಟಾ?"

"ಕೀಲಿಕೈ ಕೊಟ್ಟಿದ್ದಾರಲ್ಲ," ಎಂದು ಸೆರಗಿನ ಗಂಟು ತೋರಿಸಿದೆ.

"ತಿರುಗಿಸ್ಲಿಕ್ಕೆ ಕೊಟ್ಟದ್ದಾ, ಕಟ್ಟಿಕೊಳ್ಳಲಿಕ್ಕೆ ಕೊಟ್ಟದ್ದಾ?"

ನನಗೆ ಅಳು ಬಂದಂತಾಯಿತು. ನಾನು ಆ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡದ್ದನ್ನು ನೋಡಿ ಅವರಿಗೂ ಒಂಥರಾ ಆಯಿತೋ ಏನೋ. "ಸೀಟಿನಲ್ಲಿ ಬೇಯುವುದು ಎಂತಕ್ಕೆ ಅಮ್ಮ? ಮುಂದೆ ಕೂತುಕೊಳ್ಳಿ. ಎಡಗಾಲಿನದ್ದು ಒತ್ತಿ. ನೆರಳಿಗೆ ಒಯ್ಯುವ," ಎಂದರು. ಸೀಟು ಮುಂದೆ ಎಳೆದುಕೊಂಡು ಕುಳಿತೆ. ಕಾರಿಗೆ ಒಂದು ಬೆರಳು ತಾಗಿಸದೆ, ಕೈ ಬೆನ್ನ ಹಿಂದಿನಿಂದ ತೆಗೆಯದೆ, ಕಿಟಕಿಯ ಪಕ್ಕದಲ್ಲಿ ನಡೆಯುತ್ತ ಆ ಮನುಷ್ಯ ನನಗೆ ಕಾರು ಕಲಿಸಿದರು. ಬ್ರೇಕು ತೋರಿಸಬೇಕಾದರೆ ಗಡ್ಡ ಮುಂದೆ ಚಾಚಿ ತೋರಿಸುವುದು. ಅದು ಜಿಗಿದು ನಿಂತರೆ, "ಪರ್ವಾಗಿಲ್ಲ, ಹೊಸಬರ ಹತ್ತಿರ ಅದಕ್ಕೂ ನಾಚಿಕೆ," ಎನ್ನುವುದು. ಸಂಜೆ ಇವರ ದೋಣಿ ತಿರುವಿನಲ್ಲಿ ಕಾಣುವ ಮೊದಲು ಅದೇ ಜಾಗಕ್ಕೆ ತಂದು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತಿರುತ್ತಿದ್ದೆ. "ಬೇಸರ ಬಂತಾ?" ಎಂದು ಇವರು ಬಾನೆಟ್ಟು ಸವರುತ್ತ ಕೇಳುತ್ತಿದ್ದರು. ನನ್ನನ್ನೋ ಅದನ್ನೋ, ದೇವರೇ ಬಲ್ಲ. ಇಬ್ಬರೂ ಮಾತಾಡುತ್ತಿರಲಿಲ್ಲ.

ಆ ದಿನ ಅಮಾವಾಸ್ಯೆ. ಇವರು ಕಾರನ್ನು ಇನ್ನಷ್ಟು ಕೆಳಗೆ, ಮರಳಿನ ಗಟ್ಟಿ ನೆಲದಲ್ಲಿ, ಮೂತಿ ಹೊಳೆಗೆ ಮಾಡಿ ನಿಲ್ಲಿಸಿದರು. ಬ್ಯಾರಿಗಳು ಗಾಳಿಗೆ ಹೇಳಿದ ಹಾಗೆ ಹೇಳಿದರು, "ಇವತ್ತು ದೊಡ್ಡ ಭರತ. ನೀರು ಮೇಲೆ ಬರ್ತದೆ."

"ಪಂಚಾಂಗ ನೋಡ್ಲಿಕ್ಕೆ ನನಗೂ ಬರ್ತದೆ," ಎಂದು ಇವರೂ ಗಾಳಿಗೇ ಹೇಳಿ ದೋಣಿ ಹತ್ತಿದರು.

ಮಧ್ಯಾಹ್ನ ನನಗೆ ತೂಕಡಿಕೆ ಬಂದಿತ್ತು. ಕಣ್ಣು ತೆರೆದಾಗ ಮುಂದಿನ ಚಕ್ರದ ಪಕ್ಕದಲ್ಲಿ ನೊರೆ ಆಡುತ್ತಿತ್ತು. ಇಳಿದರೆ ಹಿಮ್ಮಡಿ ಮುಳುಗಿತು. ಕಡವಿನ ಆಳುಗಳೆಲ್ಲ ಲಾರಿಯೊಂದನ್ನು ಹೇರಿಕೊಂಡು ಜಂಗಾರಿನಲ್ಲಿ ಹೊಳೆಯ ನಡುವೆ ಇದ್ದರು. ದಡದಲ್ಲಿ ನಾನು, ಚಾ ಅಂಗಡಿಯ ಒಬ್ಬಳು ಅಜ್ಜಿ, ಮತ್ತು ಬ್ಯಾರಿಗಳು.

"ಬ್ಯಾರಿಗಳೇ, ಬನ್ನಿ! ನೀವೇ ತೆಗೀರಿ!"

ಅವರು ಓಡಿ ಬಂದರು. ಮೊಣಕಾಲವರೆಗೆ ನೀರಿಗಿಳಿದು ನಿಂತರು. ಕೈ ಮಾತ್ರ ಬೆನ್ನ ಹಿಂದೆ. "ಮುಟ್ಲಿಕ್ಕಿಲ್ಲ ಅಮ್ಮ! ಮಾತು ಕೊಟ್ಟಿದ್ದೇನೆ! ಕಾನತ್ತೂರು!" ಎಂದು ಅಳುವ ದನಿಯಲ್ಲಿ ಕೂಗಿದರು. "ನೀವು ಹತ್ತಿ! ಹಿಂದೆ ತೆಗೀರಿ!"

"ಹಿಂದೆ ತೆಗೆಯುವುದು ಕಲಿಸಿಲ್ಲವಲ್ಲ!"

ಹೌದು, ಕಲಿಸಿರಲಿಲ್ಲ. ಅಷ್ಟು ವಾರ ಸುತ್ತು ಹಾಕಿ ಸುತ್ತು ಹಾಕಿಯೇ ಜಾಗಕ್ಕೆ ತರುತ್ತಿದ್ದೆವು. ಒಂದು ಗಳಿಗೆ ನಾನು ನೀರಿನಲ್ಲಿ ನಿಂತು ಆ ಹಸಿರು ಕಾರನ್ನು ನೋಡಿದೆ. ಸತ್ಯ ಹೇಳುತ್ತೇನೆ, ಹೋಗಲಿ ಅತ್ತ, ಹೊಳೆ ಕೊಂಡುಹೋಗಲಿ, ನನ್ನ ಪೀಡೆ ತೊಲಗಲಿ ಎಂದು ಮನಸ್ಸು ಹೇಳಿತು. ಮರುಗಳಿಗೆಗೆ ಇವರ ಆ ದಿನದ ಮುಖ ನೆನಪಾಯಿತು. ಇದು ಹೋದರೆ ಇವರು ಜನ್ಮವಿಡೀ ಇದರ ಹೆಸರು ಹೇಳಿಕೊಂಡು ಕೂರುತ್ತಾರೆ. ಇದ್ದ ಸವ‌ತಿಯನ್ನಾದರೂ ತಾಳಬಹುದು, ಸತ್ತ ಸವತಿಯ ಜೊತೆ ಬಾಳಲಾಗುವುದಿಲ್ಲ. ಸೀರೆ ಎತ್ತಿ ಕಟ್ಟಿ ಹತ್ತಿದೆ.

ಎಂಜಿನು ಎಬ್ಬಿಸುವ ಸೆಲ್ಫು ಎರಡು ಸಲ ಕೊಸರಿತು, ಮೂರನೆಯದಕ್ಕೆ ಹಿಡಿಯಿತು. ಹಿಂದೆ ಬರಲು ಗೊತ್ತಿಲ್ಲದವಳು ಏನು ಮಾಡಬೇಕು? ಮುಂದೆ ಹೋದೆ. ನೇರ ಹೊಳೆಗೆ! ಬ್ಯಾರಿಗಳು "ಯಾ ಅಲ್ಲಾ!" ಎಂದು ಕೂಗಿದ್ದು ಕೇಳಿಸಿತು. ಎರಡೂ ಕಡೆ ನೀರು ಚಿಮ್ಮಿತು, ಸ್ಟೇರಿಂಗನ್ನು ಒನಕೆ ಹಿಡಿದ ಹಾಗೆ ಹಿಡಿದು ಮೈಯೆಲ್ಲ ಹಾಕಿ ತಿರುಗಿಸಿದೆ. ಕಾರು ಹೊಳೆಯಂಚಿನಲ್ಲಿ ಅರ್ಧ ಸುತ್ತು ಬಂದು, ಕೆಮ್ಮುತ್ತ ಸೀನುತ್ತ ದಡ ಹತ್ತಿತು. ಹತ್ತಿದ್ದು ನಿಲ್ಲಲಿಲ್ಲ. ಬ್ರೇಕು ಯಾವ ಕಾಲಿನದು ಎಂಬುದೇ ಮರೆತಿತ್ತು. ಚಾ ಅಂಗಡಿಯ ಪಕ್ಕದ ತೆಂಗಿನ ಸಿಪ್ಪೆಯ ರಾಶಿಗೆ ಮೂತಿ ತೂರಿಸಿ ನಿಂತಿತು. ಅಜ್ಜಿ ಚಾದ ಗ್ಲಾಸು ಹಿಡಿದುಕೊಂಡೇ ನಿಂತಿದ್ದಳು.

ತಿರುಗಿ ನೋಡಿದರೆ, ಹೊಳೆಯ ತಿರುವಿನಲ್ಲಿ ಚಿಕ್ಕ ದೋಣಿ. ಅದರಲ್ಲಿ ಇವರು ಎದ್ದು ನಿಂತಿದ್ದಾರೆ, ಕುಳಿತುಕೊಳ್ಳಿ ಎಂದು ದೋಣಿಯವನು ಬೊಬ್ಬೆ ಹೊಡೆಯುತ್ತಿದ್ದಾನೆ. ಎಲ್ಲವನ್ನೂ ನೋಡಿದ್ದರು.

ನಾನು ಇಳಿದು ಬಾಗಿಲಿನ ಪಕ್ಕದಲ್ಲಿ ನಿಂತೆ. ಇವರು ದಡಕ್ಕೆ ಹಾರಿ ಓಡಿ ಬರುವುದನ್ನು ನೋಡುತ್ತ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಮೊದಲು ಎಲ್ಲಿಗೆ ಕೈ ಹಾಕುತ್ತಾರೆ? ಬಾನೆಟ್ಟಿಗಾ, ನನಗಾ? ಬಾನೆಟ್ಟಿಗೆ ಹಾಕಿದರೆ ಇವತ್ತೇ ಮುಳ್ಳೇರಿಯದ ಬಸ್ಸು ಹತ್ತುತ್ತೇನೆ ಎಂದು ನಿಶ್ಚಯಿಸಿದ್ದೆ.

ಎರಡಕ್ಕೂ ಹಾಕಲಿಲ್ಲ. ನನ್ನ ಎದುರು ಬಂದು ನಿಂತರು, ಏದುಸಿರು ಬಿಡುತ್ತ.

"ಯಾರು ಕಲಿಸಿದ್ದು?"

ನಾನು ಬ್ಯಾರಿಗಳ ಕಡೆ ನೋಡಿದೆ. ಅವರು ಎರಡೂ ಕೈ ಮೇಲೆತ್ತಿ, "ಮುಟ್ಲಿಲ್ಲ ಡಾಕ್ಟ್ರೇ, ಕೇಳಿ ಬೇಕಾದರೆ. ಬಾಯಲ್ಲಿ ಮಾತ್ರ," ಎಂದರು.

"ಎಷ್ಟು ಸಮಯದಿಂದ?" ಪ್ರಶ್ನೆ ನನಗೇ.

"ನೀವು ನನ್ನನ್ನು ಇಲ್ಲಿ ಕೂರಿಸಿದಲ್ಲಿಂದ."

"ನಾನು ಅತ್ತ ಹೋದದ್ದೇ..." ಎಂದವರು ಅರ್ಧಕ್ಕೆ ನಿಲ್ಲಿಸಿದರು. ಮುಖದ ಬಣ್ಣ ಇಳಿಯಿತು. ಕಣ್ಣು ಒಂದು ಕಡೆ ನಿಲ್ಲಲಿಲ್ಲ. ಬಂಪರಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು, ಬಾನೆಟ್ಟಿನ ಮೇಲೆ ಸಿಪ್ಪೆ ಬಿದ್ದಿತ್ತು. ಅತ್ತ ನೋಡಲೇ ಇಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತರು. ಅನ್ನ ಕಲಸಿ ಕಲಸಿ ಎದ್ದರು. ಅಂಗಳಕ್ಕೆ ಹೋಗುವುದು, ಅಡುಗೆಮನೆಯ ಬಾಗಿಲಿಗೆ ಬರುವುದು, ನನ್ನನ್ನು ನೋಡುವುದು, ಹೋಗುವುದು. ಅತ್ತೆ, "ಎಂತಾಯ್ತು ಇವನಿಗೆ, ಕಾರಿಗೆ ಎಂತಾದರೂ ಆಯ್ತಾ?" ಎಂದು ಕೇಳಿದರು. ಕಾರು ಮೈಯೆಲ್ಲ ಮರಳು ಮೆತ್ತಿಕೊಂಡು ಮರುದಿನವೂ ಹಾಗೆಯೇ ನಿಂತಿತ್ತು. ಯಾರೂ ತೊಳೆಯಲಿಲ್ಲ. ನನಗೆ ಅದನ್ನು ಕಂಡು ಮೊದಲ ಸಲ ಪಾಪ ಅನಿಸಿತು. ನಾನು ಹಾಡಿಕೊಂಡು ಕಡೆಯುವ ಕಲ್ಲಿನ ಮುಂದೆ ಕುಳಿತೆ.

ಅದರ ಮಾರನೆಯ ಬೆಳಗ್ಗೆ ದೋಸೆಗೆ ಕುಳಿತವರು ಬಟ್ಟಲನ್ನು ನೋಡುತ್ತ ಬಾಯಿ ಬಿಟ್ಟರು.

"ಆ ಬ್ಯಾರಿಯಲ್ಲಿ ಎಂತ ಉಂಟು, ನನ್ನಲ್ಲಿ ಇಲ್ಲದ್ದು? ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು. ನಾನು ಕಲಿಸ್ತಿರಲಿಲ್ವಾ?"

ನಾನು ಕಾವಲಿಯ ಕಡೆ ತಿರುಗಿದೆ. ನಗು ತಡೆಯಲು ಸೆರಗು ಕಚ್ಚಬೇಕಾಯಿತು.

"ಹಿಂದೆ ತೆಗೆಯುವುದು ನಾನು ಹೇಳಿಕೊಡ್ತೇನೆ," ಎಂದರು ಮೆಲ್ಲಗೆ. "ಅವನ ಹತ್ತಿರ ಹೋಗಬೇಡ."

ಎಷ್ಟು ವರ್ಷಗಳಿಂದ ಆ ಮಾತಿಗೆ ಕಾದವಳು ನಾನು! ಕೂಡಲೇ ಹ್ಞೂಂ ಎಂದುಬಿಡುವಷ್ಟು ಹುಚ್ಚಿಯೇ? ದೋಸೆ ಮಗುಚಿ ಹಾಕಿ, ಬೆಂಕಿ ಸ್ವಲ್ಪ ಹಿಂದೆ ಎಳೆದು, ನಿಧಾನವಾಗಿ ಹೇಳಿದೆ:

"ನೋಡುವ. ಬ್ಯಾರಿಗಳು ಕಲಿಸಿದರೆ ತಲೆಗೆ ಬೇಗ ಹತ್ತುತ್ತದೆ."

ತಿರುಗಿ ಅವರ ಮುಖ ನೋಡಿದೆ. ಹೊಟ್ಟೆ ತುಂಬುವವರೆಗೆ ನೋಡಿದೆ.